ಕೈ ಡೆಸ್ಕಿನ ಮೇಲೆ

ಹೊಸದಾಗಿ ಕೆಲಸಕ್ಕೆ ಸೇರಿದ ಮಾಷ್ಟ್ರುಗಳು ಆಗಾಗ ನನ್ನ ಮನೆಗೆ ಬರುತ್ತಾರೆ. ಪರೀಕ್ಷೆ ಬಂತೆಂದರೆ ಮಕ್ಕಳ ಕೈಕಾಲು ತಣ್ಣಗಾಗುತ್ತದೆ, ಮನೆಯಲ್ಲಿ ಗಿಳಿಯ ಹಾಗೆ ಒಪ್ಪಿಸಿದವರು ಪರೀಕ್ಷೆಯ ಕೋಣೆಯಲ್ಲಿ ಬೆಪ್ಪಾಗಿ ಕೂರುತ್ತಾರೆ, ಏನು ಮಾಡೋಣ ಸಾರ್ ಎಂದು ಕೇಳುತ್ತಾರೆ. ಇಷ್ಟು ವರ್ಷ ಲೆಕ್ಕ ಹೇಳಿಕೊಟ್ಟ ಹಿರಿಯ, ಏನಾದರೂ ಉಪಾಯ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಪಾಪ, ಅವರು ತಪ್ಪು ಮನೆಯ ಬಾಗಿಲು ತಟ್ಟುತ್ತಿದ್ದಾರೆ. ಮಕ್ಕಳ ಹೆದರಿಕೆ ಹೋಗಲಾಡಿಸುವುದು ಹೇಗೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಅದನ್ನು ಹೆಚ್ಚಿಸುವುದು ಹೇಗೆಂದು ಮಾತ್ರ ಚೆನ್ನಾಗಿ ಗೊತ್ತು. ಅದರಲ್ಲಿ ನಾನು ನುರಿತವನಾಗಿದ್ದೆ, ಅದಕ್ಕಾಗಿ ಬೆನ್ನು ತಟ್ಟಿಸಿಕೊಂಡಿದ್ದೆ ಕೂಡ. ಕೇಳುವುದಾದರೆ ಅದನ್ನೇ ಹೇಳುತ್ತೇನೆ.

ಆಗ ಕೊಡಗು ತನ್ನದೇ ಆದ ಪುಟ್ಟ ರಾಜ್ಯ. ನಾನು ಸೋಮವಾರಪೇಟೆ ಕಡೆಯವನು. ಮನೆಯಲ್ಲಿ ಏಲಕ್ಕಿ, ಕಾಫಿ, ಮೆಣಸಿನ ವ್ಯಾಪಾರ. ನಮ್ಮಪ್ಪ ಬೆಳಗ್ಗೆ ಎದ್ದು ವಿಭೂತಿ ಹಚ್ಚಿ ತಕ್ಕಡಿಯ ಮುಂದೆ ಕೂತರೆ ಏಳುತ್ತಿದ್ದುದು ಮಧ್ಯಾಹ್ನ. ಕಾಫಿ ನಮ್ಮ ಮನೆಗೆ ಬರುತ್ತಿದ್ದುದು ಚೀಲದಲ್ಲಿ. ಗಿಡದಿಂದ ಚೀಲದವರೆಗೆ ಅದಕ್ಕೆ ಏನೇನು ಆಗುತ್ತದೆಂದು ನಾನು ವಿಚಾರಿಸಿದವನಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಕೆಲಸ ಸಿಕ್ಕಿದ್ದು ದಕ್ಷಿಣದಲ್ಲಿ, ಅಮ್ಮತ್ತಿ, ಪಾಲಿಬೆಟ್ಟದ ಸುತ್ತಮುತ್ತಲ ಮಕ್ಕಳು ಬರುತ್ತಿದ್ದ ಒಂದು ಹೈಸ್ಕೂಲಿನಲ್ಲಿ. ಶಾಲೆಯ ಹೆಸರು ಬೇಡ. ಅಲ್ಲಿನ ಒಂದು ತರಗತಿಯೆಂದರೆ ಒಂದು ಸಂತೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವ ಮಕ್ಕಳ ತಮಿಳು, ಎಲ್ಲ ಒಟ್ಟಿಗೆ. ನನ್ನ ಜೊತೆ ಮಾತ್ರ ಎಲ್ಲರೂ ಕನ್ನಡ ಮಾತಾಡುತ್ತಿದ್ದರು. ಆ ಕನ್ನಡವೂ ಒಬ್ಬೊಬ್ಬರದು ಒಂದೊಂದು ಬಗೆ.

ನಾನು ಸೇರಿದ ಹೊಸತರಲ್ಲೇ ಒಂದು ಪರೀಕ್ಷೆಯಲ್ಲಿ ಒಬ್ಬ ಹುಡುಗ ಅಂಗಿಯ ತೋಳಿನೊಳಗೆ ಚೀಟಿ ಇಟ್ಟುಕೊಂಡು ಬಂದಿದ್ದ. ನನ್ನ ಕಣ್ಣಿಗೆ ಬೀಳಲಿಲ್ಲ. ಜಗಲಿಯಲ್ಲಿ ಹಾದುಹೋಗುತ್ತಿದ್ದ ಹೆಡ್‌ಮಾಸ್ಟರರ ಕಣ್ಣಿಗೆ ಬಿತ್ತು. ಅವರು ಮಂಗಳೂರು ಕಡೆಯವರು, ಸಣ್ಣ ದೇಹ, ದೊಡ್ಡ ಗಂಟಲು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಕೇಳಿದರು.

"ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದು ಎಂತಕ್ಕೆ ಮಾರಾಯ್ರೆ? ಚಂದ ನೋಡ್ಲಿಕ್ಕಾ?"

ಎಲ್ಲರೂ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ನನ್ನ ಕೋಣೆಯಲ್ಲಿ ಒಂದು ನೊಣ ಕೂಡ ನನ್ನನ್ನು ಕೇಳದೆ ರೆಕ್ಕೆ ಆಡಿಸಬಾರದು. ಅಲ್ಲಿಂದ ಶುರುವಾಯಿತು ನನ್ನ ಕಾನೂನು. ಬರೆಯುವಾಗ ಒಂದು ಕೈ ಪೆನ್ನಿನ ಮೇಲೆ, ಇನ್ನೊಂದು ಕಾಗದದ ಮೇಲೆ. ಬರೆಯದಿದ್ದಾಗ ಎರಡೂ ಕೈ ಡೆಸ್ಕಿನ ಮೇಲೆ, ಅಂಗೈ ಕೆಳಗೆ ಮಾಡಿ. ತುಟಿ ಅಲ್ಲಾಡಬಾರದು, ಕಾಲು ಅಲ್ಲಾಡಬಾರದು. ಬೆಲ್ ಹೊಡೆಯುವ ಮೊದಲೇ ಒಳಗೆ ಬಂದು ಕೂರಬೇಕು, ಮಧ್ಯೆ ಎದ್ದು ಹೊರಗೆ ಹೋಗುವಂತಿಲ್ಲ. "ಕೈ ಡೆಸ್ಕಿನ ಮೇಲೆ" ಎಂದು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ, ಮಕ್ಕಳು ನನಗೆ ಡೆಸ್ಕು ಮಾಷ್ಟ್ರು ಎಂದೇ ಹೆಸರಿಟ್ಟರು. ಆ ಹೆಸರು ಕಿವಿಗೆ ಬಿದ್ದಾಗ ನಾನು ಒಳಗೊಳಗೇ ಹಿಗ್ಗಿದ್ದೆ. ಮಂಕುತನಕ್ಕೂ ಒಂದು ಮಿತಿ ಬೇಡವೇ?

ಮೊಯ್ದು ಎಂಬ ಹುಡುಗನಿದ್ದ. ಅವನ ಅಪ್ಪ ಸಂತೆಯಲ್ಲಿ ಮೀನು ಮಾರುತ್ತಿದ್ದರು. ಪರೀಕ್ಷೆಯ ದಿನ ಬೆಳಗ್ಗೆ ಅವನು ಮೈದಾನದ ಸುತ್ತ ಓಡುತ್ತಿದ್ದ. ಬೆವರು ಸುರಿಸಿಕೊಂಡು ಒಳಗೆ ಬಂದು ಕೂತು ಚೆನ್ನಾಗಿಯೇ ಬರೆಯುತ್ತಿದ್ದ. ನನ್ನ ಕಾನೂನು ಬಂದಮೇಲೆ ಓಟ ನಿಂತಿತು. ಬೆಲ್‌ಗೆ ಮುಂಚೆಯೇ ಕೂರಿಸಿ ಬಾಗಿಲು ಹಾಕುತ್ತಿದ್ದೆನಲ್ಲ. ಮುಂದಿನ ಪರೀಕ್ಷೆಯಲ್ಲಿ ಪ್ರಶ್ನೆ ಕೈಗೆ ಕೊಟ್ಟ ಸ್ವಲ್ಪ ಹೊತ್ತಿಗೇ ಅವನು ಕಾಗದದ ಮೇಲೆ ವಾಂತಿ ಮಾಡಿಕೊಂಡ.

"ಓದ್ದೇ ಬಂದು ನಾಟ್ಕ ಆಡ್ತೀಯೇನೋ?" ಎಂದೆ.

"ಇಲ್ಲ ಸಾರ್. ಓಡಿದ್ರೆ ಹೊಟ್ಟೆ ಸರಿ ಆಗ್ತದೆ ಸಾರ್. ಇವತ್ತು ಓಡ್ಲಿಲ್ಲ."

ಇಷ್ಟು ಸ್ಪಷ್ಟವಾಗಿ ಕಾಯಿಲೆಯನ್ನೂ ಔಷಧಿಯನ್ನೂ ಆ ಹುಡುಗ ಒಂದೇ ಉಸಿರಿನಲ್ಲಿ ಹೇಳಿದ. ನಾನು ಅವನ ಕೈಯಲ್ಲೇ ನೆಲ ತೊಳೆಸಿದೆ. ಅವನು ತೊಳೆಯುವಾಗ ಉಳಿದ ಮಕ್ಕಳು ಕೈ ಡೆಸ್ಕಿನ ಮೇಲಿಟ್ಟುಕೊಂಡು ನೋಡುತ್ತಿದ್ದರು. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಇದಲ್ಲವೇ ಶಿಸ್ತು ಎಂದುಕೊಂಡೆ.

ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರರು ನನ್ನ ತರಗತಿಯ ಬಾಗಿಲಲ್ಲಿ ನಿಂತು, ಇಂಥ ನಿಶ್ಶಬ್ದವನ್ನು ತಾನು ಎಲ್ಲೂ ಕಂಡಿಲ್ಲವೆಂದು ಹೊಗಳಿ ಹೋದರು. ಹೆಡ್‌ಮಾಸ್ಟರರೂ ಅವತ್ತು ನನ್ನ ಕಡೆ ನೋಡಿ ನಕ್ಕರು. ಆದರೆ ನನ್ನ ಮಕ್ಕಳ ಮಾರ್ಕು ಮಾತ್ರ ಕೆಳಗಿಳಿಯುತ್ತಿತ್ತು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವವರು ಕಾಗದದ ಮೇಲೆ ತಪ್ಪುತ್ತಿದ್ದರು. ಲೈನ್ ಮನೆಯ ಮಕ್ಕಳು ತಮಿಳಿನಲ್ಲಿ ಬಾಯೊಳಗೇ ಮಗ್ಗಿ ಹೇಳಿಕೊಂಡು ಗುಣಿಸುತ್ತಿದ್ದವರು, ತುಟಿ ಆಡಿಸಬಾರದೆಂದ ಮೇಲೆ ಕೂಡುವುದನ್ನೂ ತಪ್ಪಿದರು. ನಾನು ಕಾರಣ ಹುಡುಕಿದೆ. ಕಾಫಿ ಕೊಯ್ಲಿನ ಕಾಲ, ಮನೆಗೆಲಸ ಜಾಸ್ತಿ, ನಿದ್ದೆಗೆಟ್ಟು ಬರುತ್ತಾರೆ ಎಂದುಕೊಂಡೆ. ಕಾರಣ ನನ್ನ ಬೂಟಿನೊಳಗೇ ನಿಂತಿದೆಯೆಂದು ಹೊಳೆಯಲಿಲ್ಲ.

ಈ ಕಾಲದಲ್ಲೇ ದೇವಕಿ ನನ್ನ ಕೈಗೆ ಸಿಕ್ಕಿದ್ದು. ಸಿಕ್ಕಿದ್ದು ಎಂದೇ ಹೇಳುತ್ತೇನೆ, ಅದೇ ಸರಿಯಾದ ಮಾತು.

ದೇವಕಿ ಎಸ್ಸೆಸ್ಸೆಲ್ಸಿ ತರಗತಿಯ ಹುಡುಗಿ. ಅವಳ ಹಿರಿಯರು ಭಾಗಮಂಡಲದ ಕಡೆಯ ಗೌಡರು, ಮನೆಮಾತು ಅರೆಭಾಷೆ. ಅಪ್ಪ ಬೆಳ್ಯಪ್ಪ ಅಮ್ಮತ್ತಿಯ ಹತ್ತಿರ ಸ್ವಲ್ಪ ಕಾಫಿ ತೋಟ ಮಾಡಿಕೊಂಡು ನೆಲೆಸಿದ್ದರು. ಆಳು ಇಟ್ಟು ಕೊಯ್ಯಿಸುವಷ್ಟು ದೊಡ್ಡ ತೋಟವಲ್ಲ, ಮನೆಯವರೇ ಕೊಯ್ಯಬೇಕು. ಹುಡುಗಿಗೆ ಟೀಚರ್ ಆಗಬೇಕೆಂಬ ಆಸೆ. ಎಸ್ಸೆಸ್ಸೆಲ್ಸಿ ಪಾಸಾದರೆ ಟ್ರೈನಿಂಗಿಗೆ ಕಳಿಸುತ್ತೇನೆಂದು ಅಪ್ಪ ಒಪ್ಪಿದ್ದಾರೆಂದು ಅವಳೇ ತರಗತಿಯಲ್ಲಿ ಒಮ್ಮೆ ಹೇಳಿದ್ದಳು. ಹೇಳುವಾಗ ಮುಖ ಅರಳಿತ್ತು.

ಅವಳು ಕೂರುತ್ತಿದ್ದುದು ಹಿಂದಿನ ಬೆಂಚಿನ ಮೂಲೆಯಲ್ಲಿ. ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ತೊದಲುತ್ತಿದ್ದಳು, ನೆಲ ನೋಡುತ್ತಿದ್ದಳು. ತಿಂಗಳ ಟೆಸ್ಟಿನಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಪ್ರಮೇಯಗಳನ್ನು ಪುಸ್ತಕದಲ್ಲಿದ್ದಂತೆ ಒಂದು ಹೆಜ್ಜೆಯೂ ಬಿಡದೆ ಬರೆಯುತ್ತಿದ್ದಳು. ಬಾಯಲ್ಲಿ ಬಾರದ್ದು ಕಾಗದದಲ್ಲಿ ಹೇಗೆ ಬರುತ್ತದೆ? ಅನುಮಾನ ಒಮ್ಮೆ ತಲೆಗೆ ಹೊಕ್ಕರೆ ಮುಗಿಯಿತು, ಆಮೇಲೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿ.

ನಮ್ಮ ಶಾಲೆಯಲ್ಲಿ ಜನವರಿಯಲ್ಲಿ ಸೆಲೆಕ್ಷನ್ ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ಗೆದ್ದವರ ಹೆಸರನ್ನು ಮಾತ್ರ ಮಾರ್ಚಿನ ದೊಡ್ಡ ಪರೀಕ್ಷೆಗೆ ಕಳಿಸುವುದು. ಇಲ್ಲದಿದ್ದರೆ ಆ ವರ್ಷ ಹೋದಂತೆಯೇ. ಗಣಿತದ ದಿನ ನಾನೇ ಮೇಲ್ವಿಚಾರಕ. ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಹೋಗಿ ಅವಳ ಬೆಂಚಿನ ಪಕ್ಕ ನಿಂತೆ. ಅವಳು ಪ್ರಶ್ನೆ ಓದುತ್ತಿದ್ದಳು. ಎರಡೂ ಕೈ ಡೆಸ್ಕಿನ ಕೆಳಗೆ. ಎಡಗೈ ಲಂಗದ ಅಂಚನ್ನು ಹಿಡಿದಿತ್ತು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಏನನ್ನೋ ತಿರುಚಿ ತಿರುಚಿ ಬಿಡುತ್ತಿದ್ದವು.

"ಏನದು ಕೈಲಿ? ಎದ್ದೇಳು. ತೋರ್ಸು."

ಎದ್ದಳು, ಕೈ ತೋರಿಸಿದಳು. ಚೀಟಿ ಇರಲಿಲ್ಲ. ಡೆಸ್ಕಿನ ಒಳಗೆ ನೋಡಿದೆ, ನೆಲದ ಮೇಲೆ ನೋಡಿದೆ, ಏನೂ ಇಲ್ಲ. ಅಲ್ಲಿಗೇ ಸುಮ್ಮನಾಗಿ ಮುಂದೆ ಹೋಗಬಹುದಿತ್ತು. ಆದರೆ ಇಡೀ ತರಗತಿ ತಿರುಗಿ ನೋಡುತ್ತಿತ್ತು, ಬರಿಗೈಯಲ್ಲಿ ಹಿಂದಿರುಗಲು ನನಗೆ ಮನಸ್ಸಾಗಲಿಲ್ಲ. ಆಗ ಅವಳ ಬೆರಳು ಕಣ್ಣಿಗೆ ಬಿತ್ತು. ಹೆಬ್ಬೆರಳು, ತೋರುಬೆರಳು, ಉಗುರಿನ ಸುತ್ತ ಎಲ್ಲ ಕಪ್ಪು ಕಪ್ಪು ಕಲೆ.

"ಬೆರಳಿನ ಮೇಲೆ ಮಸಿಯಲ್ಲಿ ಬರ್ಕೊಂಡು ಬಂದು ಈಗ ಉಜ್ಜಿ ಅಳಿಸ್ತಿದೀಯ, ಅಲ್ವಾ?"

"ಇಲ್ಲ ಸಾರ್. ಅದು ಕಾಫಿ ಸಾರ್."

"ಕಾಫೀನ ಜನ ಬಾಯಲ್ಲಿ ಕುಡೀತಾರೆ. ನೀನು ಬೆರಳಲ್ಲಿ ಕುಡೀತೀಯೇನು?"

ತರಗತಿ ನಕ್ಕಿತು. ನನ್ನ ತರಗತಿಯಲ್ಲಿ ನಗುವುದು ನಿಷಿದ್ಧ, ಆದರೂ ಆ ನಗೆಯನ್ನು ನಾನು ತಡೆಯಲಿಲ್ಲ. ನನ್ನ ಮಾತಿನ ಚಾತುರ್ಯಕ್ಕೆ ಸಿಕ್ಕ ಬಹುಮಾನವೆಂದು ಸ್ವಲ್ಪ ಹೊತ್ತು ಸವಿದೆ. ನಾನು ಮಾಡಿದ ಎಲ್ಲ ತಪ್ಪುಗಳಲ್ಲಿ, ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸುವುದು ಆ ಒಂದು ಮಾತನ್ನು ನೆನೆದಾಗ. ಅಲ್ಲಿ ನಕ್ಕವರಲ್ಲಿ ಅರ್ಧ ಮಕ್ಕಳಿಗೆ ಕಾಫಿ ಕೊಯ್ದವರ ಬೆರಳು ಹೇಗಿರುತ್ತದೆಂದು ಗೊತ್ತಿತ್ತು. ಅವರ ಬೆರಳೂ ಹಾಗೇ ಇದ್ದವು. ಮಾಷ್ಟ್ರು ನಗಿಸಿದ್ದಾರೆ, ನಗದಿದ್ದರೆ ತಮ್ಮ ಕೈಯನ್ನೂ ಎತ್ತಿ ನೋಡಿಯಾರು ಎಂದು ನಕ್ಕರು.

"ಕೂತ್ಕೋ. ಕೈ ಡೆಸ್ಕಿನ ಮೇಲೆ," ಎಂದೆ.

ಕೂತಳು. ಎರಡೂ ಅಂಗೈಗಳನ್ನು ಡೆಸ್ಕಿನ ಮೇಲೆ ಚಪ್ಪಟೆಯಾಗಿ ಇಟ್ಟಳು. ಬೆಲ್ ಹೊಡೆಯುವವರೆಗೂ ಅವು ಅಲ್ಲೇ ಇದ್ದವು. ಪೆನ್ನು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಅಳಲಿಲ್ಲ ಕೂಡ. ಕಾಗದದಲ್ಲಿ ಅವಳ ಹೆಸರು ಬಿಟ್ಟರೆ ಬೇರೇನಿಲ್ಲ. ನನಗೆ ಅದರಿಂದ ಗಾಬರಿಯಾಗಬೇಕಿತ್ತು. ನನಗಾದದ್ದು ಸಮಾಧಾನ. ನೋಡಿದಿರಾ, ಕದಿಯಲು ಬಿಡದಿದ್ದರೆ ಇವಳ ಬಂಡವಾಳ ಇಷ್ಟೇ ಎಂದುಕೊಂಡೆ.

ಮಾರ್ಕು ನೋಡಿ ಹೆಡ್‌ಮಾಸ್ಟರರು ಕರೆಸಿದರು.

"ಈ ಬೆಳ್ಯಪ್ಪನವರ ಮಗಳದ್ದು ಎಂತ ಕಥೆ? ವರ್ಷ ಇಡೀ ಒಳ್ಳೆ ಮಾರ್ಕು, ಈಗ ಸೊನ್ನೆ?"

"ವರ್ಷ ಪೂರ್ತಿ ಕಾಪಿ ಹೊಡ್ದಿದಾಳೆ ಸಾರ್. ಈ ಸಲ ನಾನು ಬಿಡಲಿಲ್ಲ."

"ಹೌದಾ? ನೀವು ಕಣ್ಣಾರೆ ಕಂಡಿದ್ದೀರಾ?"

"ಕಂಡೆ ಸಾರ್," ಎಂದೆ.

ದೇವಕಿಯ ಹೆಸರು ಪಟ್ಟಿಯಿಂದ ಹೊರಗುಳಿಯಿತು. ಸೆಲೆಕ್ಟ್ ಆಗದ ಮಕ್ಕಳ ಮನೆಗೆ ಹೋಗಿ ತಂದೆತಾಯಿಗೆ ತಿಳಿಸಿ ಬರುವುದು ಆಯಾ ಮಾಷ್ಟ್ರ ಕೆಲಸವೆಂದು ಹೆಡ್‌ಮಾಸ್ಟರರು ಕಟ್ಟು ಮಾಡಿದ್ದರು. ಹಾಗೆ ಭಾನುವಾರ ಬೆಳ್ಯಪ್ಪನವರ ಮನೆಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ಹಿಂದಿನ ತೋಟದಿಂದ ಮಾತು ಕೇಳಿಸುತ್ತಿತ್ತು. ಗಿಡಗಳ ನಡುವೆ ನಡೆದುಕೊಂಡು ಹೋದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಹೆಣ್ಣು ದನಿ ಸ್ಪಷ್ಟವಾಯಿತು. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎಂಬ ಪ್ರಮೇಯವನ್ನು ಒಂದು ತಡೆಯಿಲ್ಲದೆ ಹೇಳಿಕೊಂಡು ಹೋಗುತ್ತಿತ್ತು. ದತ್ತ, ಸಾಧನೀಯ, ರಚನೆ, ಸಾಧನೆ, ಎಲ್ಲ ಸಾಲಾಗಿ. ಸೆಲೆಕ್ಷನ್ ಪರೀಕ್ಷೆಯಲ್ಲಿ ನಾನು ಕೊಟ್ಟ ಮೊದಲ ಪ್ರಶ್ನೆಯೇ ಅದು. ಗಿಡದ ಮರೆಯಿಂದ ನೋಡಿದೆ. ದೇವಕಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ರೋಬಸ್ಟಾ ಕಾಫಿ ಕೊಯ್ಯುತ್ತಿದ್ದಳು. ಎಡಗೈ ಕೊಂಬೆಯನ್ನು ಬಗ್ಗಿಸಿ ಹಿಡಿದಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಹಣ್ಣನ್ನು ತಿರುಚಿ ತಿರುಚಿ ಚೀಲಕ್ಕೆ ಬಿಡುತ್ತಿದ್ದವು. ಒಂದು ಕೊಂಬೆ ಮುಗಿಯುವಾಗ ಪ್ರಮೇಯದ ಒಂದು ಭಾಗ ಮುಗಿಯುತ್ತಿತ್ತು. ಇನ್ನೊಂದು ಕೊಂಬೆ ಹಿಡಿದಾಗ ಮುಂದಿನದು ಬರುತ್ತಿತ್ತು.

ಡೆಸ್ಕಿನ ಕೆಳಗೆ ನಾನು ಕಂಡದ್ದು ಇದೇ ಕೈ. ಹುಡುಗಿ ಓದಿದ್ದು ಹೀಗೆ, ಗಿಡದ ಮುಂದೆ ನಿಂತು. ಪರೀಕ್ಷೆಯ ಹೆದರಿಕೆಯಲ್ಲಿ ತಲೆ ಖಾಲಿಯಾದಾಗ ಕಾಣದ ಕೊಂಬೆಯೊಂದನ್ನು ಹಿಡಿದುಕೊಂಡು ಕೊಯ್ಯುತ್ತ ಹೋಗುತ್ತಿದ್ದಳು, ಓದಿದ್ದು ಒಂದೊಂದಾಗಿ ಬರುತ್ತಿತ್ತು. ನಾನು ಆ ಕೊಂಬೆಯನ್ನೇ ಕಿತ್ತುಕೊಂಡಿದ್ದೆ.

ತರಗೆಲೆಯ ಸದ್ದಿಗೆ ಅವಳು ತಿರುಗಿದಳು. ಪ್ರಮೇಯ ಅಲ್ಲಿಗೇ ನಿಂತಿತು, ಕೈಯೂ ನಿಂತಿತು.

ಬೆಳ್ಯಪ್ಪ ಆಚೆ ಸಾಲಿನಿಂದ ಓಡಿ ಬಂದರು. "ಓ, ಮಾಷ್ಟ್ರು ಬಂದಿದಾರೆ. ಬನ್ನಿ ಸಾರ್, ಬನ್ನಿ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆನಲ್ಲ." ಮಗಳ ಕಡೆ ತಿರುಗಿ, ಕಾಫಿ ಇಡು ಎಂದು ಅರೆಭಾಷೆಯಲ್ಲಿ ಹೇಳಿದರು. ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಗೂಡೆ ಎಂತಾದ್ರೂ ತಪ್ಪು ಮಾಡಿಟ್ಟಿದಾಳಾ ಸಾರ್?" ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ.

ಹುಡುಗಿ ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ.

"ತಪ್ಪೇನಿಲ್ಲ. ಗಣಿತದಲ್ಲಿ ಹೋಗಿದೆ. ಈ ವರ್ಷ ಹೆಸರು ಕಳ್ಸೋಕಾಗಲ್ಲ," ಎಂದೆ. ಯಾಕೆ ಹೋಯಿತೆಂದು ಹೇಳಲು ಬಾಯಿ ಬರಲಿಲ್ಲ.

ಬೆಳ್ಯಪ್ಪ ತೋಟದ ಕಡೆ ನೋಡಿದರು. "ಗಣಿತ ಅವಳಿಗೆ ಬರ್ತದೆ ಅಂತ ಮಾಡಿದ್ದೆ ಸಾರ್. ದಿನಾ ಹೇಳಿಕೊಂಡೇ ಕೊಯ್ಯುದು ಅವಳು, ನಮಗೆ ಕೇಳಿ ಕೇಳಿ ಬಾಯಿಪಾಠ ಆಗಿದೆ. ಎಂತ ಮಾಡುದು? ಬರುವ ವರ್ಷ ತಮ್ಮನನ್ನ ನಿಮ್ಮ ಶಾಲೆಗೆ ಹಾಕ್ಬೇಕು. ಇಬ್ರೂ ಹೋದ್ರೆ ತೋಟದಲ್ಲಿ ಕೈ ಸಾಲುದಿಲ್ಲ. ಪಾಸಾದ್ರೆ ಈ ವರ್ಷವೇ, ಇಲ್ಲದಿದ್ರೆ ಇಲ್ಲ ಅಂತ ಅವಳಿಗೆ ಹೇಳಿದ್ದೆ."

ಅವರ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದೇವಕಿ ಕಾಫಿ ತಂದಿಟ್ಟು ಒಳಗೆ ಹೋದಳು. ಆ ಕಾಫಿಯನ್ನು ನಾನು ಬಾಯಲ್ಲೇ ಕುಡಿದೆ.

ಮರುದಿನ ಬೆಳಗ್ಗೆ ಹೆಡ್‌ಮಾಸ್ಟರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಕಣ್ಣಾರೆ ಕಂಡದ್ದು ಅಂದ್ರಿ."

"ಕಂಡದ್ದು ಏನು ಅಂತ ಗೊತ್ತಾಗಲಿಲ್ಲ ಸಾರ್."

"ಸರಿ. ಹೆಸರು ಕಳಿಸ್ಲಿಕ್ಕೆ ಇನ್ನೂ ಸಮಯ ಉಂಟು. ಇನ್ನೊಂದು ಸಲ ಪರೀಕ್ಷೆ ಮಾಡುವ. ಆದ್ರೆ ಒಂದು ವಿಷಯ ಮಾರಾಯ್ರೆ, ಕಳ್ಳಿ ಅಂತ ಹೇಳಿದ್ದು ಎಲ್ಲರ ಎದುರು. ಅಲ್ಲ ಅಂತ ಹೇಳುದೂ ಎಲ್ಲರ ಎದುರೇ ಆಗ್ಬೇಕು. ನಾಳೆ ಪ್ರಾರ್ಥನೆ ಆದ್ಮೇಲೆ ನೀವೇ ಹೇಳಿ."

ಒಪ್ಪಿಕೊಂಡು ಬಂದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದೆ. ಮಾರನೆಯ ದಿನ ಪ್ರಾರ್ಥನೆ ಮುಗಿಯಿತು. ಮೆಟ್ಟಿಲಿನ ಮೇಲೆ ನಿಂತೆ. ಎದುರಿಗೆ ಇಡೀ ಶಾಲೆ, ಪಕ್ಕದಲ್ಲಿ ಸ್ಟಾಫ್ ರೂಮಿನಲ್ಲಿ ನನ್ನನ್ನು ನೋಡಿ ನಕ್ಕಿದ್ದ ಮಾಷ್ಟ್ರುಗಳು. ದೇವಕಿ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಹುಡುಗಿ ಕಳ್ಳತನ ಮಾಡಿಲ್ಲ, ಅವಳ ಬೆರಳಲ್ಲಿದ್ದುದು ಕಾಫಿಯ ಕಲೆ, ತಪ್ಪು ನನ್ನದು. ಇಷ್ಟೇ ಹೇಳಬೇಕಾಗಿದ್ದುದು. ನಾನು ಹೇಳಿದ್ದೇನು ಗೊತ್ತೇ? "ಗಣಿತದ ಪರೀಕ್ಷೆಯಲ್ಲಿ ಒಂದು ಸಣ್ಣ ಗೊಂದಲ ಆಗಿದೆ. ದೇವಕಿಗೆ ಇನ್ನೊಂದು ಅವಕಾಶ ಕೊಡಲು ತೀರ್ಮಾನಿಸಿದ್ದೇವೆ." ಅಷ್ಟೇ. ಕಳ್ಳಿಗೆ ಕರುಣೆ ತೋರಿದ ದೊಡ್ಡ ಮನುಷ್ಯನ ಹಾಗೆ ಮೆಟ್ಟಿಲಿಳಿದೆ. ಹೆಡ್‌ಮಾಸ್ಟರರು ನನ್ನ ಮುಖ ನೋಡಲಿಲ್ಲ.

ಪರೀಕ್ಷೆ ಅವರ ಕೋಣೆಯಲ್ಲೇ ನಡೆಯಿತು. ಅವರೇ ಕೂತರು, ನನ್ನನ್ನು ಒಳಗೆ ಬಿಡಲಿಲ್ಲ. ನಾನು ಜಗಲಿಯಲ್ಲಿ ಅತ್ತಿಂದಿತ್ತ ನಡೆದೆ. ಬೆಲ್ ಹೊಡೆದಮೇಲೆ ಹುಡುಗಿ ಬಾಗಿಲು ತೆರೆದು ಹೊರಗೆ ಬಂದು, ನನಗೆ ನಮಸ್ಕಾರ ಮಾಡಿ ಹೋದಳು. ಹಿಂದೆಯೇ ಹೆಡ್‌ಮಾಸ್ಟರರು ಬಂದರು. ಕೈಯಲ್ಲಿ ಕಾಗದ ಇತ್ತು. ಅದೂ ಖಾಲಿ.

"ಬರಿ ಮಗಾ, ಹೆದರ್ಬೇಡ ಅಂತ ಎಷ್ಟು ಸಲ ಹೇಳಿದೆ," ಎಂದರು. "ಎರಡೂ ಕೈ ಮೇಜಿನ ಮೇಲೆ ಇಟ್ಟು ಕೂತವಳು ಎತ್ತಲೇ ಇಲ್ಲ. ಎಂತ ಕಲಿಸಿಟ್ಟಿದ್ದೀರಿ ಮಾರಾಯ್ರೆ ನೀವು ಅದಕ್ಕೆ?"

ಅವರ ದೊಡ್ಡ ಗಂಟಲು ಅವತ್ತು ಏಳಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ನೇರವಾಗಿ ನಾಲ್ಕು ಮಾತು ಆಡಿದ್ದರೆ ಆ ಕೈ ಏಳುತ್ತಿತ್ತೋ ಏನೋ. ಏಳುತ್ತಿತ್ತೆಂದೇ ನನ್ನ ಮನಸ್ಸು ಹೇಳುತ್ತದೆ. ಮರುದಿನದಿಂದ ದೇವಕಿ ಶಾಲೆಗೆ ಬರಲಿಲ್ಲ.

ನಾನು ರಾತ್ರೋರಾತ್ರಿ ಸಾಧುವಾದೆನೆಂದು ತಿಳಿಯಬೇಡಿ. ಅಷ್ಟು ಸುಲಭಕ್ಕೆ ಬಿಡುವ ಚಟವಲ್ಲ ಅದು. ತಿಂಗಳುಗಟ್ಟಲೆ "ಕೈ" ಎಂಬ ಮಾತು ನಾಲಿಗೆಯ ತುದಿಗೆ ಬಂದು, ಕಚ್ಚಿಕೊಂಡು ನುಂಗುತ್ತಿದ್ದೆ. ಮೊಯ್ದುವನ್ನು ಕರೆದು, ಬೇಕಾದರೆ ಓಡಿಕೊಂಡು ಬಾ ಎಂದೆ. ಅವನು ನಂಬಲಿಲ್ಲ, ಇದರಲ್ಲೇನೋ ಮೋಸವಿದೆಯೆಂದು ನನ್ನನ್ನೇ ನೋಡುತ್ತ ನಿಂತ. ಕೊನೆಗೆ ನಾನೇ ಪಂಚೆ ಎತ್ತಿ ಕಟ್ಟಿ ಅವನ ಜೊತೆ ಮೈದಾನದಲ್ಲಿ ಒಂದು ಸುತ್ತು ಓಡಬೇಕಾಯಿತು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವನು ಅವತ್ತು ವಾಂತಿ ಮಾಡಲಿಲ್ಲ. ತುಟಿ ಆಡಿಸುವವರನ್ನು ಆಡಿಸಲು ಬಿಟ್ಟೆ. ತಮಿಳೋ ಮಲಯಾಳವೋ, ಉತ್ತರ ಕಾಗದಕ್ಕೆ ಇಳಿದರೆ ಸಾಕು ಎಂದೆ. ಕಾಪಿ ಹೊಡೆಯುವವರು ಆಗಲೂ ಒಬ್ಬಿಬ್ಬರು ಹೊಡೆದರು, ಸುಳ್ಳೇಕೆ ಹೇಳಲಿ. ಆದರೆ ಹೆದರಿಕೆ ಒಬ್ಬೊಬ್ಬ ಮಗುವಿಗೆ ಒಂದೊಂದು ಕಡೆ ಹಿಡಿಯುತ್ತದೆ, ಅದನ್ನು ಬಿಡಿಸಿಕೊಳ್ಳುವ ದಾರಿಯನ್ನೂ ಆ ಮಗು ತಾನೇ ಕಂಡುಕೊಂಡಿರುತ್ತದೆ ಎಂಬುದು ನಿಧಾನಕ್ಕೆ ಕಂಡಿತು. ನಮಗೆ ಅದು ಚೇಷ್ಟೆಯಾಗಿ ಕಾಣುತ್ತದೆ.

ದೇವಕಿಯ ಮನೆಗೆ ಮತ್ತೆ ಹೋಗಬೇಕೆಂದು ಎಷ್ಟೋ ಸಲ ಹೊರಟೆ. ಅಮ್ಮತ್ತಿಯ ಸಂತೆಯವರೆಗೆ ಹೋಗಿ ತರಕಾರಿ ಕೊಂಡು ವಾಪಸು ಬಂದದ್ದೂ ಉಂಟು. ಅವಳ ತಮ್ಮ ನಮ್ಮ ಶಾಲೆಗೆ ಸೇರಿದ. ಅಕ್ಕ ಭಾಗಮಂಡಲದ ಕಡೆ ಅಜ್ಜಿಯ ಮನೆಗೆ ಹೋಗಿದ್ದಾಳೆ, ಅಲ್ಲಿಂದಲೇ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ್ದಾಳೆ ಎಂದು ಅವನು ಹೇಳಿದ. ಆಮೇಲೆ ಪಾಸಾದಳು ಎಂದೂ ಹೇಳಿದ. ನನಗೆ ಆನಂದವಾಯಿತು. ಆ ಆನಂದದಲ್ಲಿ ನನ್ನ ಪಾಲೇನೂ ಇಲ್ಲವೆಂದು ತಕ್ಷಣ ನೆನಪಾಗಿ ಮುಖ ಸಪ್ಪೆಯಾಯಿತು.

ಕೆಲವು ವರ್ಷ ಕಳೆದು, ಕೊಡಗು ಮೈಸೂರಿಗೆ ಸೇರುವ ಸ್ವಲ್ಪ ಮುಂಚೆ, ಎಂಟನೇ ತರಗತಿಯ ಪರೀಕ್ಷೆಗೆ ಮೇಲ್ವಿಚಾರಕನಾಗಿ ನನ್ನನ್ನು ಪಶ್ಚಿಮದ ಒಂದು ಹಳ್ಳಿ ಶಾಲೆಗೆ ಹಾಕಿದರು. ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ಬಸ್ಸಿಳಿದು, ಗುಡ್ಡ ಹತ್ತಿ ಹೋದೆ. ಬೆಲ್‌ಗೆ ಇನ್ನೂ ಹೊತ್ತಿತ್ತು. ಅಂಗಳದಲ್ಲಿ ಕೆಲವು ಮಕ್ಕಳು ಹಲಸಿನ ಮರವನ್ನು ಸುತ್ತು ಹಾಕುತ್ತಿದ್ದರು. ಒಬ್ಬಳು ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಅರೆಭಾಷೆಯಲ್ಲಿ ಏನೋ ಒಪ್ಪಿಸುತ್ತಿದ್ದಳು. ಇನ್ನೊಬ್ಬ ಕಣ್ಣು ಮುಚ್ಚಿ ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಿದ್ದ. ಬೈಯುವವರು ಯಾರೂ ಇರಲಿಲ್ಲ. ಈ ಶಾಲೆಯ ಟೀಚರಿಗೆ ನನಗಿಂತ ಬೇಗ ಬುದ್ಧಿ ಬಂದಿದೆ ಎಂದು ಮೆಚ್ಚಿಕೊಂಡು ಒಳಗೆ ಹೋದೆ.

ಮೇಜಿನ ಹಿಂದೆ ದೇವಕಿ ಕೂತಿದ್ದಳು. ಸೀರೆ ಉಟ್ಟಿದ್ದಳು. ತಲೆ ತಗ್ಗಿಸಿ ಏನನ್ನೋ ಓದುತ್ತಿದ್ದಳು, ಮಡಿಲಲ್ಲಿ ಬಲಗೈಯ ಎರಡು ಬೆರಳು ತಮ್ಮ ಪಾಡಿಗೆ ತಿರುಚಿ ಬಿಡುತ್ತಿದ್ದವು.

ತಲೆಯೆತ್ತಿ ನನ್ನನ್ನು ಕಂಡಳು. ಎದ್ದು ನಮಸ್ಕಾರ ಹೇಳಿದಳು. ನಾನು ಕೂತೆ, ಅವಳೂ ಕೂತಳು. ಕೂತವಳು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟಳು.

ಅವಳಿಗೆ ಅದು ಗೊತ್ತಾಗಿರಲಿಲ್ಲ. ಬೆಲ್ ಹೊಡೆಯಿತು, ಮಕ್ಕಳು ಒಳಗೆ ಬಂದು ಕೂತರು. ಕಟ್ಟನ್ನು ಅವಳ ಮುಂದೆ ಸರಿಸಿದೆ. ಬಿಚ್ಚಿ ಹಂಚಬೇಕಾದವಳು ಅವಳು. ಕೈ ಏಳಲಿಲ್ಲ. ಆಗ ಅವಳು ಕೆಳಗೆ ನೋಡಿದಳು, ತನ್ನ ಕೈಗಳನ್ನು ಕಂಡಳು. ಮುಖ ಕೆಂಪಾಯಿತು.

ಮೆಟ್ಟಿಲ ಮೇಲೆ ನಿಂತಾಗ ಆಡದೆ ಬಿಟ್ಟ ಮಾತನ್ನು ಆ ಮಕ್ಕಳ ಎದುರು ಆಡಿದೆ. "ದೇವಕಿ ಟೀಚರ್, ಅವತ್ತು ನಿಮ್ಮ ಬೆರಳಲ್ಲಿ ಇದ್ದದ್ದು ಕಾಫಿ ಕಲೆನೇ. ನೀವು ಏನೂ ಕದ್ದಿರಲಿಲ್ಲ. ತಪ್ಪು ನಂದು. ಅವತ್ತೇ ಎಲ್ಲರ ಎದುರು ಹೇಳಬೇಕಿತ್ತು, ಹೇಳಲಿಲ್ಲ."

ಮಕ್ಕಳು ಅರ್ಥವಾಗದೆ ನಮ್ಮಿಬ್ಬರನ್ನೂ ನೋಡಿದರು.

"ನಂಗೆ ಗೊತ್ತುಂಟು ಸಾರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತೊದಲೂ ಇರಲಿಲ್ಲ. "ಆದ್ರೆ ನೀವು ಒಳಗೆ ಇದ್ರೆ ನನ್ನ ಕೈ ಏಳುದಿಲ್ಲ. ಮಕ್ಕಳಿಗೆ ಹೊತ್ತಾಗ್ತದೆ. ಹೊರಗೆ ಕೂತ್ಕೊಳ್ತೀರಾ?"

ಮೇಲ್ವಿಚಾರಕ ಕೋಣೆ ಬಿಟ್ಟು ಹೋಗಬಾರದೆಂಬುದು ಸರಕಾರದ ನಿಯಮ. ಎದ್ದೆ. ಹೊರಗೆ ಜಗಲಿಯ ಕಟ್ಟೆಯ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕೂತೆ. ಒಳಗೆ ಕಟ್ಟು ಬಿಚ್ಚಿದ ಸದ್ದಾಯಿತು, ಕಾಗದ ಹಂಚಿದ ಸದ್ದಾಯಿತು. ಆಮೇಲೆ ಯಾರೋ ಕಾಲು ಕುಟ್ಟಿದರು, ಯಾರೋ ಗುನುಗಿದರು, ಯಾರೋ ಬೆಂಚಿನ ಮೇಲೆ ಬೆರಳು ಬಡಿದರು. ಅವಳು ಯಾರನ್ನೂ ತಡೆಯಲಿಲ್ಲ. ಪರೀಕ್ಷೆ ಮುಗಿಯುವವರೆಗೂ ನಾನು ಹಿಂದೆ ತಿರುಗಿ ನೋಡಲಿಲ್ಲ.